ಬ್ಲಾಕ್ ಜೋಡಿಸಿದರೆ ಕೋಡಿಂಗ್ ಬರುತ್ತದಾ?

ಪ್ರಶ್ನೆ: ನನ್ನ ಮಗಳಿಗೆ 9 ವರ್ಷ. ಕನ್ನಡ ಮೀಡಿಯಂ, ನಾಲ್ಕನೇ ಕ್ಲಾಸು. ಪಕ್ಕದ ಮನೆ ಹುಡುಗ ಕೋಡಿಂಗ್ ಕ್ಲಾಸಿಗೆ ಹೋಗುತ್ತಾನೆ. ಅವನು ಸ್ಕ್ರ್ಯಾಚ್ ಅನ್ನುವ ಆ್ಯಪ್‌ನಲ್ಲಿ ಬೆಕ್ಕು ಓಡಿಸುವುದನ್ನು ನೋಡಿ ಇವಳೂ ಹಟ ಹಿಡಿದಿದ್ದಾಳೆ. ಬ್ಲಾಕ್ ಅನ್ನುವ ಬಣ್ಣದ ತುಂಡುಗಳನ್ನು ಎಳೆದು ಜೋಡಿಸುವುದು ನಿಜವಾದ ಕೋಡಿಂಗಾ, ಅಥವಾ ಅದೂ ಒಂದು ವಿಡಿಯೋ ಗೇಮಾ? ದುಡ್ಡು ಕೊಟ್ಟು ಕ್ಲಾಸಿಗೆ ಸೇರಿಸಲೇಬೇಕಾ? ಮನೆಯಲ್ಲಿ ಒಂದು ಹಳೇ ಲ್ಯಾಪ್‌ಟಾಪ್ ಇದೆ. ನನಗೆ ಕೋಡಿಂಗ್‌ನ ಗಂಧಗಾಳಿಯೂ ಇಲ್ಲ. ಇದೆಲ್ಲ ಬಿಟ್ಟು ನೇರವಾಗಿ ಟೈಪ್ ಮಾಡಿ ಬರೆಯುವ ಪೈಥಾನ್ ಭಾಷೆ ಕಲಿಸು ಅಂತ ನನ್ನ ತಮ್ಮ ಹೇಳುತ್ತಾನೆ. ಏನು ಮಾಡಲಿ?
ಒಬ್ಬ ತಾಯಿ, ದಾವಣಗೆರೆ

ಉತ್ತರ: ನಿಜವಾದ ಕೋಡಿಂಗೇ, ಅನುಮಾನ ಬೇಡ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಸಿಎಸ್50 ಅಂತ ಒಂದು ಹೆಸರಾಂತ ಕೋರ್ಸ್ ಇದೆ. ಕಂಪ್ಯೂಟರ್ ವಿಜ್ಞಾನಕ್ಕೆ ಹೊಸದಾಗಿ ಕಾಲಿಡುವವರಿಗಾಗಿ ಇರುವುದು. ಅಲ್ಲಿ ಕೂರುವವರು ಕಾಲೇಜು ಓದುವವರು. ಅವರಿಗೆ ಮೊದಲ ವಾರ ಕಲಿಸುವುದು ಇದೇ ಸ್ಕ್ರ್ಯಾಚ್. ಅದಾದ ಮೇಲೆ ಟೈಪ್ ಮಾಡಿ ಬರೆಯುವ ಸಿ ಭಾಷೆಗೆ ಹೋಗುತ್ತಾರೆ. ನಿಮ್ಮ ತಮ್ಮನಿಗೆ ಇದನ್ನು ಹೇಳಿ ನೋಡಿ.

ಆದರೆ ಜೊತೆಗೆ ಇನ್ನೊಂದು ಮಾತೂ ಇದೆ. ಬ್ಲಾಕ್ ಜೋಡಿಸಿದ ಮಾತ್ರಕ್ಕೆ ಕೋಡಿಂಗ್ ಬಂದುಬಿಡುವುದಿಲ್ಲ. ಮೇಷ್ಟ್ರು ಹೇಳಿದ ಹಾಗೆ ನಲವತ್ತು ಬ್ಲಾಕ್ ಜೋಡಿಸಿ ಚಂದದ ಗೇಮ್ ಮಾಡಿದ ಮಗು ಏನೂ ಕಲಿಯದೇ ಇರಬಹುದು. ಆರೇ ಬ್ಲಾಕ್ ಹಾಕಿ, ಬೆಕ್ಕು ತಾನು ಅಂದುಕೊಂಡ ಹಾಗೆ ಯಾಕೆ ಓಡುತ್ತಿಲ್ಲ ಅಂತ ಅರ್ಧ ಗಂಟೆ ತಲೆ ಕೆಡಿಸಿಕೊಂಡು, ಕೊನೆಗೆ ತಾನೇ ಸರಿ ಮಾಡಿದ ಮಗು ಬಹಳ ಕಲಿತಿರುತ್ತದೆ. ಕ್ಲಾಸಿಗೆ ಸೇರಿಸಬೇಕಾ, ಮನೆಯಲ್ಲೇ ಕಲಿಸಬೇಕಾ, ಪೈಥಾನ್ ಯಾವಾಗ ಅನ್ನುವ ನಿಮ್ಮ ಎಲ್ಲ ಪ್ರಶ್ನೆಗಳಿಗೂ ನಾನು ಇದೇ ಅಳತೆಗೋಲು ಹಿಡಿಯುತ್ತೇನೆ.

ಬ್ಲಾಕ್ ಯಾಕೆ ಬೇಕು ಅಂತ ಮೊದಲು ನೋಡೋಣ. ಪೈಥಾನ್‌ನಲ್ಲಿ ಒಂದು ಸಾಲಿನ ಕೊನೆಗೆ ಇರಬೇಕಾದ ಕೋಲನ್ (:) ಚಿಹ್ನೆ ಬಿಟ್ಟುಹೋದರೆ ಪ್ರೋಗ್ರಾಂ ಓಡುವುದೇ ಇಲ್ಲ. ಸಾಲಿನ ಮೊದಲಿಗೆ ಬಿಡಬೇಕಾದ ಖಾಲಿ ಜಾಗ ಹೆಚ್ಚುಕಮ್ಮಿ ಆದರೂ ಅಷ್ಟೇ. ಸಣ್ಣ ಅಕ್ಷರ ಇರಬೇಕಾದ ಕಡೆ ದೊಡ್ಡ ಅಕ್ಷರ ಬಂದರೂ ಅಷ್ಟೇ. ಜೊತೆಗೆ ಇಂಗ್ಲಿಷ್‌ನಲ್ಲಿ ಕೆಂಪು ಬಣ್ಣದ ಬೈಗುಳ ಬೇರೆ. ಕೀಬೋರ್ಡ್ ಮೇಲೆ ಒಂದೊಂದೇ ಅಕ್ಷರ ಹುಡುಕಿ ಒತ್ತುವ 9 ವರ್ಷದ ಮಗುವಿಗೆ ಇದೇ ಅರ್ಧ ದಿನದ ಕೆಲಸ ಆಗುತ್ತದೆ. ಯೋಚನೆ ಮಾಡುವುದಕ್ಕೆ ಪುರುಸೊತ್ತೇ ಸಿಗುವುದಿಲ್ಲ. ಅಕ್ಷರ ದುಂಡಗೆ ಬರೆಯುವುದು ಬೇರೆ, ಕಥೆ ಕಟ್ಟುವುದು ಬೇರೆ. ಎರಡನ್ನೂ ಒಟ್ಟಿಗೆ ತಲೆ ಮೇಲೆ ಹೊರಿಸಿದರೆ ಮಗು ಎರಡನ್ನೂ ಕೈಬಿಡುತ್ತದೆ.

ಬ್ಲಾಕ್‌ನಲ್ಲಿ ಈ ಕಾಟ ಇಲ್ಲ. ತಪ್ಪಾಗಿ ಜೋಡಿಸಲು ಹೋದರೆ ಅದು ಅಂಟುವುದೇ ಇಲ್ಲ. ಹಸಿರು ಬಾವುಟ ಒತ್ತಿದರೆ ಪ್ರೋಗ್ರಾಂ ಶುರು. ಆ ಬಾವುಟದ ಬ್ಲಾಕ್‌ನ ತಲೆ ಉಬ್ಬಿಕೊಂಡಿದೆ, ಅದರ ಮೇಲೆ ಏನೂ ಕೂರುವುದಿಲ್ಲ, ಕೆಳಗೆ ಮಾತ್ರ ಸೇರಿಸಬಹುದು. 'ಇಫ್', ಅಂದರೆ 'ಹೀಗಾದರೆ' ಅನ್ನುವ ಬ್ಲಾಕ್‌ನಲ್ಲಿರುವ ಖಾಲಿ ಜಾಗಕ್ಕೆ ಆರು ಮೂಲೆ. 'ಮುಟ್ಟಿದೆಯಾ?' 'ಚಿಕ್ಕದಾ?' ಅಂತ ಹೌದು-ಇಲ್ಲ ಉತ್ತರ ಬರುವ ಬ್ಲಾಕ್‌ಗಳಿಗೂ ಆರು ಮೂಲೆ. ದುಂಡಗಿನ ಸಂಖ್ಯೆಯ ಬ್ಲಾಕ್ ತಂದು ಅಲ್ಲಿ ತುರುಕಿದರೆ ಹಿಡಿಯುವುದಿಲ್ಲ. ಹೀಗೆ ವ್ಯಾಕರಣದ ತಪ್ಪು ಆಗುವುದೇ ಇಲ್ಲ. ಉಳಿಯುವುದು ಯೋಚನೆಯ ತಪ್ಪು ಮಾತ್ರ. ನಮಗೆ ಬೇಕಾಗಿರುವುದೂ ಅದೇ ಅಲ್ವಾ?

ಈ ವಿಚಾರ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. 1967ರಲ್ಲಿ ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್, ವಾಲಿ ಫೊಯರ್‌ಜೈಗ್ ಸೇರಿ ಮಕ್ಕಳಿಗಾಗಿ ಲೋಗೊ ಅನ್ನುವ ಭಾಷೆ ಮಾಡಿದರು. ಅದರಲ್ಲಿ ಒಂದು ಆಮೆ. ಮುಂದೆ ಹೋಗು, ಬಲಕ್ಕೆ ತಿರುಗು ಅಂದರೆ ಗೆರೆ ಎಳೆಯುತ್ತಾ ಹೋಗುತ್ತದೆ. ನಮ್ಮಲ್ಲೂ ಎಷ್ಟೋ ಶಾಲೆಗಳ ಕಂಪ್ಯೂಟರ್ ಪುಸ್ತಕದಲ್ಲಿ ಆ ಆಮೆ ಇತ್ತು, ನಿಮ್ಮ ತಮ್ಮನೂ ನೋಡಿರಬಹುದು. ಆದರೆ ಅಲ್ಲಿ ಆಜ್ಞೆಗಳನ್ನು ಟೈಪ್ ಮಾಡಬೇಕಿತ್ತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಮಿಚೆಲ್ ರೆಸ್ನಿಕ್ ಮತ್ತು ಜೊತೆಗಾರರು ಟೈಪ್ ಮಾಡುವ ಕೆಲಸ ತೆಗೆದು ಬ್ಲಾಕ್ ಕೊಟ್ಟರು. 2007ರಲ್ಲಿ ಸ್ಕ್ರ್ಯಾಚ್ ಎಲ್ಲರಿಗೂ ಸಿಕ್ಕಿತು. ಈಗ ನೀವು ನೋಡುವ ಮೂರನೇ ಆವೃತ್ತಿ 2019ರ ಜನವರಿಯಲ್ಲಿ ಬಂದದ್ದು. 8ರಿಂದ 16 ವರ್ಷದವರನ್ನು ಮನಸ್ಸಲ್ಲಿಟ್ಟು ಮಾಡಿದ್ದಾರೆ, ನಿಮ್ಮ ಮಗಳ ವಯಸ್ಸು ಸರಿಯಾಗಿದೆ. ಮನೆಯಲ್ಲಿ ಇನ್ನೂ ಚಿಕ್ಕವರಿದ್ದರೆ, ಓದು ಬಾರದ 5ರಿಂದ 7 ವರ್ಷದವರಿಗೆ ಸ್ಕ್ರ್ಯಾಚ್ ಜೂನಿಯರ್ ಅಂತ ಬೇರೆಯೇ ಇದೆ. ಅದು ಟ್ಯಾಬ್‌ಗೆ.

ಎರಡಕ್ಕೂ ನಯಾಪೈಸೆ ಕೊಡಬೇಕಿಲ್ಲ. ಹಳೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 10 ಇದ್ದರೆ ಸ್ಕ್ರ್ಯಾಚ್ ಆ್ಯಪ್ ಇಳಿಸಿಕೊಳ್ಳಿ. ಒಮ್ಮೆ ಇಳಿಸಿದರೆ ಇಂಟರ್ನೆಟ್ ಬೇಡ. ಇಂಟರ್ನೆಟ್ ಇದ್ದರೆ ಕ್ರೋಮ್ ಅಥವಾ ಫೈರ್‌ಫಾಕ್ಸ್‌ನಲ್ಲಿ ತೆರೆದರೂ ನಡೆಯುತ್ತದೆ. ಫೋನಿನಲ್ಲಿ ಮಾತ್ರ ಬೇಡ. ಅಷ್ಟು ಸಣ್ಣ ಪರದೆಯಲ್ಲಿ ಬ್ಲಾಕ್ ಎಳೆಯುವುದು ಮಕ್ಕಳಿಗೆ ಶಿಕ್ಷೆ. ಟಚ್‌ಪ್ಯಾಡ್ ಕೂಡ ಕಷ್ಟ, ಒಂದು ಮೌಸ್ ತಂದುಕೊಡಿ. ನಿಮಗೆ ಆಗುವ ಖರ್ಚು ಅಷ್ಟೇ.

ಇಂಗ್ಲಿಷ್ ಬರುವುದಿಲ್ಲವಲ್ಲ ಅಂತ ಕನ್ನಡ ಮೀಡಿಯಂ ಮಕ್ಕಳ ತಂದೆ ತಾಯಿ ಚಿಂತೆ ಮಾಡುತ್ತಾರೆ. ನನ್ನ ಅನುಭವದಲ್ಲಿ ಇದು ಅಷ್ಟು ದೊಡ್ಡ ವಿಷಯ ಅಲ್ಲ. ಶುರುವಿಗೆ ಬೇಕಾಗುವುದು ಹದಿನೈದಿಪ್ಪತ್ತು ಪದ: ಮೂವ್, ಟರ್ನ್, ರಿಪೀಟ್, ಇಫ್, ವೇಟ್, ಸೇ, ಹೀಗೆ. ಬ್ಲಾಕ್‌ಗೆ ಬಣ್ಣವೂ ಇದೆ. ಚಲನೆಯದ್ದೆಲ್ಲ ನೀಲಿ, ಯಾವಾಗ ಶುರುವಾಗಬೇಕು ಅನ್ನುವುದು ಹಳದಿ, ಲೆಕ್ಕದ್ದು ಹಸಿರು. ಮಗು ಮೊದಲು ಬಣ್ಣ ಮತ್ತು ಜಾಗ ನೋಡಿ ಹುಡುಕುತ್ತದೆ, ಆಮೇಲೆ ಪದ ತಾನಾಗಿ ಬಾಯಿಗೆ ಬರುತ್ತದೆ. ಬೆಕ್ಕು ಆಡುವ ಮಾತು ಕನ್ನಡದಲ್ಲೇ ಇರಲಿ. 'ಸೇ' ಬ್ಲಾಕ್‌ನಲ್ಲಿ ಕನ್ನಡ ಅಕ್ಷರ ಟೈಪ್ ಮಾಡಬಹುದು. ಟೈಪ್ ಬಾರದಿದ್ದರೆ ಸೌಂಡ್ ವಿಭಾಗದಲ್ಲಿ ತನ್ನ ದನಿಯಲ್ಲೇ ರೆಕಾರ್ಡ್ ಮಾಡಬಹುದು. ತನ್ನ ದನಿ ಬೆಕ್ಕಿನ ಬಾಯಲ್ಲಿ ಕೇಳಿದ ದಿನ ಮಕ್ಕಳನ್ನು ಊಟಕ್ಕೆ ಎಬ್ಬಿಸುವುದು ಕಷ್ಟ.

ಮೊದಲ ಎರಡು ಮೂರು ದಿನ ಏನೂ ಕಲಿಸಬೇಡಿ. ಸುಮ್ನೆ ಬಿಡಿ. ಬ್ಲಾಕ್ ಎಳೆಯಲಿ, ಒತ್ತಲಿ, ಬೆಕ್ಕಿಗೆ ಬಣ್ಣ ಬಳಿಯಲಿ. ತೊಂದರೆಗಳು ತಾವಾಗಿ ಬರುತ್ತವೆ. ಗೋಡೆಗೆ ಬಡಿದು ವಾಪಸ್ ಬರುವ ಬೆಕ್ಕು ತಲೆಕೆಳಗಾಗಿ ನಡೆಯುತ್ತದೆ. ಎರಡನೇ ಸಲ ಬಾವುಟ ಒತ್ತಿದಾಗ ಬೆಕ್ಕು ಮೊದಲಿನ ಜಾಗದಿಂದ ಹೊರಡುವುದಿಲ್ಲ, ಹೋದ ಸಲ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಹೊರಡುತ್ತದೆ. "ಇದು ಕೆಟ್ಟುಹೋಗಿದೆ ಅಮ್ಮಾ" ಅಂತ ಮಗಳು ಬರುತ್ತಾಳೆ. ಕೆಟ್ಟಿಲ್ಲ. ಎಲ್ಲಿಂದ ಹೊರಡಬೇಕು ಅಂತ ಯಾರೂ ಹೇಳಿಲ್ಲ, ಅಷ್ಟೇ. ಕಂಪ್ಯೂಟರ್ ತಾನಾಗಿ ಏನನ್ನೂ ಊಹಿಸುವುದಿಲ್ಲ, ನಾವೇ ಎಲ್ಲ ಹೇಳಬೇಕು ಅನ್ನುವುದು ಕೋಡಿಂಗ್‌ನ ಮೊದಲ ಪಾಠ. ಅದನ್ನು ಬೋರ್ಡಿನ ಮೇಲೆ ಬರೆದು ಕಲಿಸಲು ಆಗುವುದಿಲ್ಲ.

ಆಮೇಲೆ ಒಂದು ಆಟ ಮಾಡಲಿ. ಮೇಲಿನಿಂದ ಮಾವಿನಹಣ್ಣು ಬೀಳುತ್ತದೆ, ಕೆಳಗೆ ಬುಟ್ಟಿ ಹಿಡಿಯಬೇಕು. ಹಣ್ಣು, ಬುಟ್ಟಿ ಎರಡನ್ನೂ ಅವಳೇ ಬಿಡಿಸಲಿ. ಮಕ್ಕಳು ಮಾಡುವ ಸಾಮಾನ್ಯ ಆಟ ಇದು. ಆದರೆ ಇದರೊಳಗೆ ಎಷ್ಟು ಪಾಠ ಅಡಗಿದೆ ಅಂತ ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಏಕೆಂದರೆ ನೀವು ಪಕ್ಕದಲ್ಲಿ ಕೂರುವವರು, ಏನು ನೋಡಬೇಕು ಅಂತ ಗೊತ್ತಿದ್ದರೆ ಒಳ್ಳೆಯದು.

ಸ್ಕ್ರ್ಯಾಚ್‌ನ ಪರದೆ 480 ಹೆಜ್ಜೆ ಅಗಲ, 360 ಹೆಜ್ಜೆ ಎತ್ತರ. ನಟ್ಟನಡುವೆ ಸೊನ್ನೆ. ಬಲಕ್ಕೆ 240ರವರೆಗೆ, ಎಡಕ್ಕೆ ಮೈನಸ್ 240ರವರೆಗೆ. ಮೇಲೆ 180, ಕೆಳಗೆ ಮೈನಸ್ 180. ನಾಲ್ಕನೇ ಕ್ಲಾಸಿನವಳಿಗೆ ಮೈನಸ್ ಸಂಖ್ಯೆ ಶಾಲೆಯಲ್ಲಿ ಇನ್ನೂ ಬಂದಿರುವುದಿಲ್ಲ. ಪರವಾಗಿಲ್ಲ. ನಡುವಿನಿಂದ ಕೆಳಗೆ ಹೋದರೆ ಮೈನಸ್ ಅಂತ ಅವಳಿಗೆ ಹಣ್ಣು ಎಳೆದಾಡಿದಾಗಲೇ ಕಾಣುತ್ತದೆ. ಆರನೇ ಕ್ಲಾಸಿನಲ್ಲಿ ಅದು ಪುಸ್ತಕದಲ್ಲಿ ಬಂದಾಗ ಹಳೇ ಪರಿಚಯ ಆಗಿರುತ್ತದೆ.

ಮೊದಲು ಬುಟ್ಟಿ. 'ಬಲ ಬಾಣದ ಕೀ ಒತ್ತಿದಾಗ' ಅನ್ನುವ ಹಳದಿ ಬ್ಲಾಕ್ ಹಾಕಿ, ಕೆಳಗೆ ಹತ್ತು ಹೆಜ್ಜೆ ಬಲಕ್ಕೆ ಅಂತ ಹಾಕುತ್ತಾಳೆ. ಓಡುತ್ತದೆ. ಆದರೆ ಕೀ ಒತ್ತಿ ಹಿಡಿದರೆ ಬುಟ್ಟಿ ಒಮ್ಮೆ ಸರಿದು, ಕ್ಷಣ ನಿಂತು, ಆಮೇಲೆ ಓಡುತ್ತದೆ. ನೋಟ್‌ಪ್ಯಾಡ್‌ನಲ್ಲಿ ಒಂದು ಅಕ್ಷರದ ಕೀ ಒತ್ತಿ ಹಿಡಿದು ನೋಡಿ, ಅದೇ ತಡ ಅಲ್ಲೂ ಕಾಣುತ್ತದೆ. ಇದು ಕೀಬೋರ್ಡ್‌ನ ಸ್ವಭಾವ. ನುಣ್ಣಗೆ ಓಡಬೇಕಾದರೆ ದಾರಿ ಬೇರೆ. 'ಫಾರೆವರ್' ಅನ್ನುವ, ಮತ್ತೆ ಮತ್ತೆ ಮಾಡುತ್ತಲೇ ಇರುವ ಬ್ಲಾಕ್ ಒಳಗೆ 'ಇಫ್' ಹಾಕಿ, ಬಲ ಕೀ ಈಗ ಒತ್ತಿದೆಯಾ ಅಂತ ಪ್ರತಿ ಸಲ ಕೇಳಬೇಕು. ಕರೆದಾಗ ಬರುವುದಕ್ಕೂ ಸದಾ ಕಣ್ಣಿಟ್ಟಿರುವುದಕ್ಕೂ ಇರುವ ವ್ಯತ್ಯಾಸ ಇದು. ದೊಡ್ಡ ಪ್ರೋಗ್ರಾಮರ್‌ಗಳೂ ದಿನಾ ಎದುರಿಸುವ ವಿಷಯ.

ಇನ್ನು ಹಣ್ಣು. ಬಹುತೇಕ ಮಕ್ಕಳು ಇಲ್ಲಿ ಒಂದೇ ಕಡೆ ಎಡವುತ್ತಾರೆ. ಬುಟ್ಟಿ ಮುಟ್ಟಿದರೆ ಒಂದು ಅಂಕ ಅಂತ 'ಇಫ್' ಹಾಕುತ್ತಾರೆ, ಅದನ್ನು ಫಾರೆವರ್ ಒಳಗೆ ಹಾಕಲು ಮರೆಯುತ್ತಾರೆ. ಬಾವುಟ ಒತ್ತಿದ ಕ್ಷಣ ಕಂಪ್ಯೂಟರ್ ಒಂದೇ ಒಂದು ಸಲ ನೋಡುತ್ತದೆ. ಹಣ್ಣು ಆಗ ಮೇಲಿರುತ್ತದೆ. ಮುಟ್ಟಿಲ್ಲ ಅಂತ ತೀರ್ಮಾನ ಮಾಡಿ ಕೈ ತೊಳೆದುಕೊಳ್ಳುತ್ತದೆ. ಆಮೇಲೆ ಎಷ್ಟು ಹಣ್ಣು ಹಿಡಿದರೂ ಅಂಕ ಸೊನ್ನೆ. ಇದನ್ನು ಸರಿ ಮಾಡಿದ ಮೇಲೆ ಉಲ್ಟಾ ತೊಂದರೆ. ಒಂದು ಹಣ್ಣು ಹಿಡಿದರೆ ಅಂಕ ಹತ್ತಕ್ಕೆ ಜಿಗಿಯುತ್ತದೆ! ಸ್ಕ್ರ್ಯಾಚ್ ಈ ಪರೀಕ್ಷೆಯನ್ನು ಸೆಕೆಂಡಿಗೆ ಸುಮಾರು 30 ಸಲ ಮಾಡುತ್ತದೆ. ಹಣ್ಣು ಬುಟ್ಟಿಯನ್ನು ದಾಟಿ ಹೋಗುವಷ್ಟು ಹೊತ್ತೂ 'ಮುಟ್ಟಿದೆ, ಮುಟ್ಟಿದೆ' ಅಂತ ಅಂಕ ಕೊಡುತ್ತಲೇ ಇರುತ್ತದೆ. ಅಂಕ ಕೊಟ್ಟ ಕೂಡಲೇ ಹಣ್ಣನ್ನು ಮೇಲಕ್ಕೆ ಕಳಿಸಿದರೆ ಸರಿಹೋಗುತ್ತದೆ. ಮಕ್ಕಳಿಗೆ ಇದನ್ನು ಹೇಳಿಕೊಡಬೇಡಿ. "ಯಾಕೆ ಹತ್ತು ಬಂತು? ಒಂಬತ್ತೋ ಹನ್ನೊಂದೋ ಯಾಕೆ ಬರಲಿಲ್ಲ?" ಅಂತ ಕೇಳಿ. ಬೀಳುವ ವೇಗ ಕಮ್ಮಿ ಮಾಡಿದರೆ ಅಂಕ ಜಾಸ್ತಿ ಆಗುವುದನ್ನು ನೋಡಿದಾಗ ಅವಳಿಗೇ ಹೊಳೆಯುತ್ತದೆ.

ನನಗೆ ಬಹಳ ಇಷ್ಟವಾದ ತಪ್ಪು ಇನ್ನೊಂದಿದೆ. ಹಣ್ಣು 170ರಿಂದ ಹೊರಟು, ಪ್ರತಿ ಸಲ 5 ಹೆಜ್ಜೆ ಕೆಳಗೆ ಬರುತ್ತದೆ ಅಂದುಕೊಳ್ಳಿ. ತಳಕ್ಕೆ ಬಂದಾಗ ಮತ್ತೆ ಮೇಲೆ ಹೋಗಬೇಕು. ಅದಕ್ಕೆ 'ಎತ್ತರ ಮೈನಸ್ 170ಕ್ಕೆ ಸಮ ಆದರೆ ಮೇಲೆ ಹೋಗು' ಅಂತ ಹಾಕುತ್ತಾಳೆ. ಚೆನ್ನಾಗಿ ನಡೆಯುತ್ತದೆ. ಮಾರನೇ ದಿನ ಆಟ ಸಪ್ಪೆ ಅನಿಸಿ ವೇಗವನ್ನು 7 ಮಾಡುತ್ತಾಳೆ. ಹಣ್ಣು ತಳಕ್ಕೆ ಬಂದು ಅಲ್ಲೇ ಅಂಟಿಕೊಂಡು ಕೂರುತ್ತದೆ, ಮೇಲೆ ಹೋಗುವುದೇ ಇಲ್ಲ. 10 ಮಾಡಿದರೆ ಸರಿ ಓಡುತ್ತದೆ. 8 ಮಾಡಿದರೆ ಮತ್ತೆ ಅಂಟುತ್ತದೆ. 4ಕ್ಕೆ ಸರಿ. 6ಕ್ಕೆ ಇಲ್ಲ. ಮಗುವಿಗೆ ದೆವ್ವ ಹೊಕ್ಕ ಹಾಗೆ ಕಾಣುತ್ತದೆ. ಏನಾಗಿದೆ ನೋಡಿ: ಮೇಲಿನಿಂದ ಕೆಳಗಿನವರೆಗೆ ಒಟ್ಟು 340 ಹೆಜ್ಜೆ. 340 ಅನ್ನು 5, 4, 10 ಶೇಷ ಇಲ್ಲದೆ ಭಾಗಿಸುತ್ತವೆ. 6, 7, 8 ಭಾಗಿಸುವುದಿಲ್ಲ. 7ರ ಹೆಜ್ಜೆಯಲ್ಲಿ ಬರುವ ಹಣ್ಣು ಮೈನಸ್ 166ರಿಂದ ಸೀದಾ ಮೈನಸ್ 173ಕ್ಕೆ ಹಾರುತ್ತದೆ. ಮೈನಸ್ 170ರ ಮೇಲೆ ಕಾಲಿಡುವುದೇ ಇಲ್ಲ. 'ಸಮ ಆದರೆ' ಅನ್ನುವುದನ್ನು 'ಅದಕ್ಕಿಂತ ಕಮ್ಮಿ ಆದರೆ' ಅಂತ ಬದಲಿಸಿದರೆ ಮುಗಿಯಿತು. ನಾಲ್ಕನೇ ಕ್ಲಾಸಿನ ಭಾಗಾಕಾರಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ಯಾವ ಗೈಡಿನಲ್ಲೂ ನಾನು ನೋಡಿಲ್ಲ. ಅವಳು 5 ಇಟ್ಟು ಸುಮ್ಮನಿದ್ದರೆ ಈ ತಪ್ಪು ಕಾಣುವುದೇ ಇಲ್ಲ. ಅದಕ್ಕೇ, ಆಟ ಸರಿ ಓಡಿದ ಮೇಲೆ "ವೇಗ ಬದಲಾಯಿಸಿ ನೋಡೋಣ" ಅನ್ನಿ.

ಗೇಮ್ ಇಷ್ಟ ಇಲ್ಲದ ಮಕ್ಕಳೂ ಇದ್ದಾರೆ. ಅವರಿಗೆ ಕಥೆ. ಕಾಗೆ, ನರಿ, ಬಾಯಲ್ಲಿ ರೊಟ್ಟಿ ತುಂಡು. ನರಿ ಎರಡು ಸೆಕೆಂಡ್ ಮಾತಾಡುತ್ತದೆ, ಅಷ್ಟು ಹೊತ್ತು ಕಾಗೆ ಕಾಯಬೇಕು. ಹಾಗಾಗಿ ಕಾಗೆಗೆ 'ವೇಟ್ 2'. ಮುಂದಿನ ಮಾತಿಗೆ ನರಿ ಕಾಯಬೇಕು. ಹೀಗೆ ಲೆಕ್ಕ ಹಾಕಿ ಹಾಕಿ ಹೊಂದಿಸುತ್ತಾರೆ. ನಡುವೆ ನರಿಗೆ ಒಂದು ಮಾತು ಜಾಸ್ತಿ ಸೇರಿಸಿದರೆ ಅಲ್ಲಿಂದ ಮುಂದೆ ಎಲ್ಲವೂ ಹಳಿ ತಪ್ಪುತ್ತದೆ. ಇಬ್ಬರೂ ಒಟ್ಟಿಗೆ ಕಿರುಚಾಡುತ್ತಾರೆ. ಈ ಗೋಳು ಅನುಭವಿಸಿದ ಮೇಲೆ 'ಬ್ರಾಡ್‌ಕಾಸ್ಟ್' ಬ್ಲಾಕ್ ತೋರಿಸಬೇಕು. ನರಿ ತನ್ನ ಮಾತು ಮುಗಿಸಿ ಒಂದು ಸಂದೇಶ ಕಳಿಸುತ್ತದೆ, ಅದು ಬಂದಾಗ ಕಾಗೆ ಬಾಯಿ ತೆರೆಯುತ್ತದೆ. ಸೆಕೆಂಡಿನ ಲೆಕ್ಕವೇ ಬೇಡ. ಗೋಳು ಅನುಭವಿಸುವ ಮೊದಲೇ ತೋರಿಸಿದರೆ ಅದು ಅವರಿಗೆ ಇನ್ನೊಂದು ಹಳದಿ ಬ್ಲಾಕ್, ಅಷ್ಟೇ.

ಜ್ಯಾಮಿತಿ ಬಗ್ಗೆ ಎರಡು ಮಾತು. ಪೆನ್ ಅನ್ನುವ ಸೌಲಭ್ಯ ಸೇರಿಸಿಕೊಂಡರೆ ಬೆಕ್ಕು ನಡೆದಲ್ಲಿ ಗೆರೆ ಬೀಳುತ್ತದೆ. 100 ಹೆಜ್ಜೆ, 90 ಡಿಗ್ರಿ ತಿರುವು, ನಾಲ್ಕು ಸಲ ಅಂದರೆ ಚೌಕ. ತ್ರಿಕೋನ ಮಾಡು ಅಂದರೆ ಎಲ್ಲರೂ 60 ಡಿಗ್ರಿ ಹಾಕುತ್ತಾರೆ, ದೊಡ್ಡವರೂ. ಮೂರು ಗೆರೆ ಬಾಯಿ ತೆರೆದುಕೊಂಡು ನಿಲ್ಲುತ್ತವೆ, ಅದು ಆರು ಬದಿಯ ಆಕಾರದ ಅರ್ಧ. ಬೆಕ್ಕು ತಿರುಗುವುದು ಒಳಕೋನದಷ್ಟಲ್ಲ, ಹೊರಕೋನದಷ್ಟು. ಹಾಗಾಗಿ 120 ಬೇಕು. ನಂಬಿಕೆ ಬಾರದಿದ್ದರೆ ಅಂಗಳದಲ್ಲಿ ಮಗಳನ್ನು ನಡೆಸಿ ತಿರುಗಿಸಿ ನೋಡಿ.

ಈಗ ನಿಮ್ಮ ಪಾಲಿನ ಕೆಲಸ. ನಿಮಗೆ ಕೋಡಿಂಗ್ ಬರುವುದಿಲ್ಲ ಅನ್ನುವುದನ್ನು ಕೊರತೆ ಅಂದುಕೊಳ್ಳಬೇಡಿ. ಸಾಫ್ಟ್‌ವೇರ್ ಕೆಲಸದಲ್ಲಿರುವ ಅಪ್ಪಂದಿರು ಪಕ್ಕದಲ್ಲಿ ಕೂತರೆ ಎರಡೇ ನಿಮಿಷಕ್ಕೆ ಮೌಸ್ ಕಿತ್ತುಕೊಳ್ಳುತ್ತಾರೆ. "ಹೀಗಲ್ಲ ಪುಟ್ಟಾ, ಕೊಡಿಲ್ಲಿ." ಅಲ್ಲಿಗೆ ಮಗುವಿನ ಕಲಿಕೆ ಮುಗಿಯಿತು. ನಿಮಗೆ ಉತ್ತರ ಗೊತ್ತಿಲ್ಲವಾದ್ದರಿಂದ ಆ ಅಪಾಯ ಇಲ್ಲ. ನೀವು ಕೇಳಬೇಕಾದದ್ದು ಇಷ್ಟು: ಏನಾಗುತ್ತದೆ ಅಂತ ಅಂದುಕೊಂಡಿದ್ದೆ? ಏನಾಯಿತು? ಯಾವ ಬ್ಲಾಕ್‌ವರೆಗೆ ಸರಿ ಹೋಯಿತು? ಬ್ಲಾಕ್‌ಗಳನ್ನು ಬೆರಳಿಟ್ಟು ಒಂದೊಂದಾಗಿ ಓದಿ ಹೇಳಲಿ, ಕನ್ನಡದಲ್ಲೇ. ಅರ್ಧ ಓದುವಷ್ಟರಲ್ಲಿ "ಓ, ಗೊತ್ತಾಯ್ತು ಬಿಡು" ಅಂತ ಅವಳೇ ನಿಮ್ಮನ್ನು ಆಚೆ ತಳ್ಳುವ ಸಂದರ್ಭಗಳೇ ಜಾಸ್ತಿ. ಬೇಸರವಾಗಿ ಕಣ್ಣಲ್ಲಿ ನೀರು ಬಂದರೆ ಮಾತ್ರ ಮುಚ್ಚಿಟ್ಟು ನಾಳೆ ನೋಡಲು ಹೇಳಿ.

ಯೂಟ್ಯೂಬ್ ನೋಡಿ ಮಾಡುವುದು ತಪ್ಪಲ್ಲ, ಆದರೆ ನೋಡಿ ನೋಡಿ ಅದೇ ಬ್ಲಾಕ್ ಜೋಡಿಸಿ ಮುಗಿಸಿದರೆ ಕೈಗೆ ಮಾತ್ರ ಕೆಲಸ. ಮುಗಿದ ಮೇಲೆ ಅದರಲ್ಲಿ ಏನಾದರೂ ಬದಲಾಯಿಸಲಿ. ಎರಡು ಹಣ್ಣು ಬೀಳಲಿ, ಕೊಳೆತ ಹಣ್ಣು ಹಿಡಿದರೆ ಅಂಕ ಹೋಗಲಿ. ಸ್ಕ್ರ್ಯಾಚ್ ತಾಣದಲ್ಲಿ ಬೇರೆ ಮಕ್ಕಳು ಹಂಚಿಕೊಂಡ ಯಾವುದೇ ಪ್ರಾಜೆಕ್ಟ್‌ನ ಒಳಗೆ ಇಣುಕಿ ಬ್ಲಾಕ್‌ಗಳನ್ನು ನೋಡಬಹುದು, ತನ್ನದಾಗಿ ಮಾರ್ಪಡಿಸಬಹುದು. ಅದಕ್ಕೆ ರೀಮಿಕ್ಸ್ ಅನ್ನುತ್ತಾರೆ. ಅದು ಕಳ್ಳತನ ಅಲ್ಲ, ಆ ತಾಣ ಇರುವುದೇ ಅದಕ್ಕೆ. ಮೂಲದವರ ಹೆಸರೂ ಅಲ್ಲಿ ಉಳಿಯುತ್ತದೆ.

ಬ್ಲಾಕ್‌ನಿಂದ ಕೆಟ್ಟ ಅಭ್ಯಾಸಗಳೂ ಅಂಟುತ್ತವೆ, ಅದನ್ನು ಮುಚ್ಚಿಡುವುದಿಲ್ಲ. ಇಸ್ರೇಲಿನ ವೈಜ್‌ಮನ್ ವಿಜ್ಞಾನ ಸಂಸ್ಥೆಯ ಸಂಶೋಧಕರು 2011ರಲ್ಲಿ ಇದನ್ನು ಬರೆದಿದ್ದಾರೆ. ಸ್ಕ್ರ್ಯಾಚ್ ಕಲಿತ ಮಕ್ಕಳು ಮೊದಲು ಯೋಜನೆ ಮಾಡುವುದಿಲ್ಲ, ಬೇಕಾದೀತು ಅನಿಸಿದ ಬ್ಲಾಕ್‌ಗಳನ್ನೆಲ್ಲ ಎಳೆದು ತಂದು ರಾಶಿ ಹಾಕಿ ಆಮೇಲೆ ಜೋಡಿಸಲು ನೋಡುತ್ತಾರೆ. ಇನ್ನೊಂದು, ಒಂದೇ ಕೆಲಸವನ್ನು ಅತಿ ಸಣ್ಣ ಸಣ್ಣ ಚೂರುಗಳಾಗಿ ಒಡೆದು ಅಲ್ಲಲ್ಲಿ ಬಿಟ್ಟಿರುತ್ತಾರೆ. ಶಾಲೆಗಳಲ್ಲಿ ನಾನು ನೋಡಿದ್ದೂ ಇದನ್ನೇ. ನನ್ನ ಮದ್ದು ಕಾಗದ ಪೆನ್ಸಿಲ್. ಲ್ಯಾಪ್‌ಟಾಪ್ ತೆರೆಯುವ ಮೊದಲು ಯಾರ್ಯಾರು ಇದ್ದಾರೆ, ಒಬ್ಬೊಬ್ಬರು ಏನು ಮಾಡುತ್ತಾರೆ, ಆಟ ಯಾವಾಗ ಮುಗಿಯುತ್ತದೆ ಅಂತ ಅರ್ಧ ಪುಟ ಬರೆಯಲಿ, ಚಿತ್ರವಾದರೂ ಸರಿ. ಮೊದಲ ತಿಂಗಳು ಇದನ್ನು ಒತ್ತಾಯ ಮಾಡಬೇಡಿ. ಆಮೇಲೆ ಮಾಡಿ.

ಕ್ಲಾಸಿನ ವಿಷಯ. ಸದ್ಯಕ್ಕೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಅವಸರ ಏನೂ ಇಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ ಕೋಡಿಂಗ್ ಚಟುವಟಿಕೆಗಳನ್ನು ಹೇಳಿರುವುದು ಮಿಡಲ್ ಹಂತಕ್ಕೆ, ಅಂದರೆ ಆರರಿಂದ ಎಂಟನೇ ತರಗತಿಗೆ. ಈಗಲೇ ಕಲಿಯದಿದ್ದರೆ ಬಸ್ ತಪ್ಪಿಹೋಯಿತು ಅನ್ನುವ ಜಾಹೀರಾತುಗಳನ್ನು ಲಾಕ್‌ಡೌನ್ ಕಾಲದಲ್ಲಿ ಬೇಕಾದಷ್ಟು ನೋಡಿದ್ದೇವೆ. ಬಸ್ ಎಲ್ಲೂ ಹೋಗಿಲ್ಲ. ಆದರೂ ಮಗಳಿಗೆ ಜೊತೆಗಾರರು ಬೇಕು, ಮನೆಯಲ್ಲಿ ಒಬ್ಬಳೇ ಕೂರುವುದಿಲ್ಲ ಅನ್ನುವುದಾದರೆ ಸೇರಿಸಿ, ಅದೂ ಒಳ್ಳೆಯ ಕಾರಣವೇ. ಸೇರಿಸುವ ಮೊದಲು ಅಲ್ಲಿ ಕಲಿಯುತ್ತಿರುವ ನಾಲ್ಕೈದು ಮಕ್ಕಳ ಪ್ರಾಜೆಕ್ಟ್ ತೋರಿಸಲು ಕೇಳಿ. ಎಲ್ಲರದ್ದೂ ಒಂದೇ ಹಿನ್ನೆಲೆ, ಒಂದೇ ಗೇಮ್ ಆಗಿದ್ದರೆ ಅಲ್ಲಿ ನಕಲು ಮಾಡಿಸುತ್ತಿದ್ದಾರೆ. ಇನ್ನೊಂದು ಪರೀಕ್ಷೆ: ಒಬ್ಬ ಹುಡುಗನಿಗೆ "ಈ ಬೆಕ್ಕು ಎರಡು ಪಟ್ಟು ಜೋರಾಗಿ ಓಡಬೇಕಲ್ಲ, ಮಾಡ್ತೀಯಾ?" ಅಂತ ಕೇಳಿ. ಅವನು ಮೇಷ್ಟ್ರ ಮುಖ ನೋಡುತ್ತಾನೋ, ಪರದೆ ನೋಡುತ್ತಾನೋ ಗಮನಿಸಿ. ಸರ್ಟಿಫಿಕೇಟ್ ಬಗ್ಗೆ ಯಾರಾದರೂ ಜಾಸ್ತಿ ಮಾತಾಡಿದರೆ ಎದ್ದು ಬನ್ನಿ.

ಪೈಥಾನ್ ಯಾವಾಗ? ವಯಸ್ಸು ಹೇಳು ಅಂದರೆ 11, 12 ಅನ್ನುತ್ತೇನೆ, ಆದರೆ ವಯಸ್ಸಿಗಿಂತ ಲಕ್ಷಣ ನೋಡುವುದು ಮೇಲು. ಬ್ಲಾಕ್ ಎಳೆದು ಎಳೆದು ಕೈ ನೋಯುತ್ತದೆ, ಪರದೆ ಸಾಲುವುದಿಲ್ಲ ಅಂತ ಅವಳೇ ಗೊಣಗಲು ಶುರುಮಾಡಿದರೆ ಸಮಯ ಬಂದಿದೆ. ಟೈಪಿಂಗ್ ಸ್ವಲ್ಪ ಹಿಡಿತಕ್ಕೆ ಬಂದಿರಬೇಕು. ಆಗ ಹೊಸದಾಗಿ ಏನೂ ಹುಡುಕಬೇಡಿ. ಪೈಥಾನ್ ಜೊತೆಗೇ ಟರ್ಟಲ್ ಅನ್ನುವ ಭಾಗ ಉಚಿತವಾಗಿ ಬರುತ್ತದೆ, ಲೋಗೊ ಆಮೆಯ ವಂಶದ್ದೇ. ಸ್ಕ್ರ್ಯಾಚ್‌ನಲ್ಲಿ ಮಾಡಿದ ಚೌಕವನ್ನೇ ಅಲ್ಲಿ ಟೈಪ್ ಮಾಡಿ ಬಿಡಿಸಲಿ. ನಾಲ್ಕು ಸಲ, 100 ಹೆಜ್ಜೆ, 90 ಡಿಗ್ರಿ, ಎಲ್ಲವೂ ಅದೇ. ಬದಲಾಗುವುದು ಬರೆಯುವ ರೀತಿ ಮಾತ್ರ. ಕೋಲನ್ ಮರೆತರೆ ಬೈಸಿಕೊಳ್ಳುತ್ತಾಳೆ, ಆದರೆ ಈಗ ಅವಳಿಗೆ ತಾನು ಏನು ಮಾಡಲು ಹೊರಟಿದ್ದೇನೆ ಅಂತ ಗೊತ್ತಿರುತ್ತದೆ. ಫೋನಿಗೆ ಆ್ಯಪ್ ಮಾಡುವ ಆಸೆ ಇದ್ದರೆ ನಡುವೆ ಎಂಐಟಿಯ ಆ್ಯಪ್ ಇನ್ವೆಂಟರ್ ಕೂಡ ಇದೆ, ಅದೂ ಬ್ಲಾಕ್‌ನದ್ದೇ, ಉಚಿತ.

ಎಐ ಎಲ್ಲ ಬರೆದುಕೊಡುವಾಗ ಇದೆಲ್ಲ ಯಾಕೆ ಅಂತ ಮನೆಯಲ್ಲಿ ಯಾರಾದರೂ ಕೇಳುತ್ತಾರೆ, ಖಂಡಿತ. ಎಐ ಬರೆದ ಆಟದಲ್ಲೂ ಹಣ್ಣು ತಳಕ್ಕೆ ಅಂಟಿಕೊಳ್ಳಬಹುದು. ಯಾಕೆ ಅಂಟಿತು ಅಂತ ಹುಡುಕುವವರು ಒಬ್ಬರು ಬೇಕಲ್ಲ.

ಇನ್ನು ಖಾತೆ ತೆರೆಯುವ ಬಗ್ಗೆ. ಸ್ಕ್ರ್ಯಾಚ್ ತಾಣದಲ್ಲಿ ಪ್ರಾಜೆಕ್ಟ್ ಹಂಚಿಕೊಳ್ಳಲು, ಬೇರೆಯವರಿಗೆ ಕಾಮೆಂಟ್ ಹಾಕಲು ಖಾತೆ ಬೇಕು. ನಿಮ್ಮ ಮಗಳ ವಯಸ್ಸಿನವರಿಗೆ ಪೋಷಕರ ಇಮೇಲ್ ಕೇಳುತ್ತದೆ. ಯೂಸರ್ ನೇಮ್‌ನಲ್ಲಿ ಅವಳ ನಿಜ ಹೆಸರು, ಊರು, ಶಾಲೆ ಬರದಂತೆ ನೋಡಿಕೊಳ್ಳಿ. ಅಲ್ಲಿ ಕಾಮೆಂಟ್‌ಗಳ ಮೇಲೆ ನಿಗಾ ಇಟ್ಟಿರುತ್ತಾರೆ, ಆದರೂ ಆಗಾಗ ನೀವೂ ಒಂದು ಕಣ್ಣು ಹಾಯಿಸಿ. ಸದ್ಯಕ್ಕಂತೂ ಖಾತೆ ಬೇಕಾಗಿಯೇ ಇಲ್ಲ. ಮಾಡಿದ್ದನ್ನು ಫೈಲ್ ಆಗಿ ಲ್ಯಾಪ್‌ಟಾಪ್‌ನಲ್ಲೇ ಸೇವ್ ಮಾಡಬಹುದು. ಹಳೇ ಲ್ಯಾಪ್‌ಟಾಪ್ ಅಂದಿರಿ, ವಾರಕ್ಕೊಮ್ಮೆ ಪೆನ್ ಡ್ರೈವ್‌ಗೂ ಒಂದು ಕಾಪಿ ಹಾಕಿಡಿ.